ಹೊಟ್ಟೆ ತೂಗುವ ಜಾಗ: ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ಮೇಜಿನೊಂದಿಗೆ ಹದಿನಾಲ್ಕು ತಿಂಗಳು

ರೋಗಿಯನ್ನು ಬೋರಲು ಮಲಗಿಸಿ, ಉಸಿರಿನ ಕೊಳವೆ ಜಾಗದಲ್ಲಿದೆಯೇ, ಎದೆಯ ಎರಡೂ ಕಡೆ ಗಾಳಿ ಹೋಗುತ್ತಿದೆಯೇ ಎಂದು ನೋಡಿಕೊಂಡ ಮೇಲೆ ನಾನು ಮಾಡುವ ಮುಂದಿನ ಕೆಲಸವೆಂದರೆ ಅಂಗೈಯನ್ನು ಅವರ ಹೊಟ್ಟೆಯ ಕೆಳಗೆ ತೂರಿಸಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸರಿಸುವುದು. ಕೈ ಎಲ್ಲಿಯೂ ಸಿಕ್ಕಿಕೊಳ್ಳದೆ ಆಚೆ ಬಂದರೆ ಅರ್ಧ ಭಾರ ಇಳಿದಂತೆ. ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸಕರು ಕೈ ತೊಳೆಯಲು ಹೋಗುವ ಮೊದಲೇ ಅವರನ್ನು ತಡೆದು, ಎಲ್ಲರೂ ಸೇರಿ ರೋಗಿಯನ್ನು ಎತ್ತಿ, ಪ್ಯಾಡುಗಳನ್ನು ಮತ್ತೆ ಹೊಂದಿಸಬೇಕು. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿರುವ ನಾನು, ನಮ್ಮ ಒಟಿಗೆ ಹದಿನಾಲ್ಕು ತಿಂಗಳ ಹಿಂದೆ ಬಂದ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ಮೇಜನ್ನು ಮುಖ್ಯವಾಗಿ ಈ ಒಂದು ಪರೀಕ್ಷೆಯಿಂದಲೇ ಅಳೆಯುತ್ತ ಬಂದಿದ್ದೇನೆ. ಮೇಜು ನಮ್ಮ ದೇಶದಲ್ಲಿಯೇ ತಯಾರಾದದ್ದು. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ದೋಷಗಳಲ್ಲಿ ಕೆಲವನ್ನು ಅವರು ಸರಿಪಡಿಸಿದ್ದಾರೆ, ಕೆಲವನ್ನು ಸರಿಪಡಿಸುತ್ತಿದ್ದಾರೆ. ಇಂಥ ಮೇಜು ಕೊಳ್ಳಲು ಹೊರಟಿರುವ ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗೆ ಹೆಸರಿಗಿಂತ ಹೆಚ್ಚಾಗಿ, ಏನನ್ನು ಮುಟ್ಟಿ ನೋಡಬೇಕು ಎಂಬುದು ತಿಳಿದರೆ ಉಪಯೋಗವಾದೀತು.

ನಮಗೆ ಈ ಮೇಜು ಏಕೆ ಬೇಕಾಯಿತು ಎಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಸಕಲೇಶಪುರ, ಬೇಲೂರು, ಆಲೂರಿನ ತೋಟಗಳಲ್ಲಿ ಮೆಣಸು ಕೊಯ್ಯುವ ಕಾಲಕ್ಕೆ ಏಣಿಯಿಂದ ಬಿದ್ದವರು ಬರುತ್ತಾರೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವಾಗ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವಾಗ, ಕೊಂಬೆಯೊಂದಿಗೆ ಕೆಳಗೆ ಬಂದವರು ಬರುತ್ತಾರೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನ ಮರದಿಂದ ಬಿದ್ದವರು ಬರುತ್ತಾರೆ. ಎತ್ತರದಿಂದ ಬಿದ್ದು ಕಾಲಿನ ಮೇಲೆ ಅಥವಾ ಕುಂಡಿಯ ಮೇಲೆ ಭಾರ ಬಿದ್ದಾಗ, ಗಟ್ಟಿಯಾಗಿ ನಿಂತ ಎದೆಯ ಬೆನ್ನುಮೂಳೆಯೂ ಬಾಗುವ ಸೊಂಟದ ಬೆನ್ನುಮೂಳೆಯೂ ಸೇರುವ ಸಂದಿಯಲ್ಲಿ, ಅಂದರೆ ಎದೆಯ ಹನ್ನೆರಡನೆಯ ಮತ್ತು ಸೊಂಟದ ಮೊದಲನೆಯ ಮಣಿಗಳ ಆಸುಪಾಸಿನಲ್ಲಿ, ಮೂಳೆ ಒಡೆಯುವುದು ಹೆಚ್ಚು. ಇಂಥವರನ್ನು ಹಿಂದೆ ನಾವು ಹಲಗೆಗೆ ಕಟ್ಟಿ ಬೆಂಗಳೂರಿಗೋ, ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೋ ಕಳುಹಿಸುತ್ತಿದ್ದೆವು. ನುರಿತ ಶಸ್ತ್ರಚಿಕಿತ್ಸಕರು ನಮ್ಮಲ್ಲಿಗೇ ಬಂದು ನೆಲೆಸಿದ ಮೇಲೂ ಎಷ್ಟೋ ರೋಗಿಗಳನ್ನು ಕಳುಹಿಸಲೇಬೇಕಾಗಿದ್ದಕ್ಕೆ ಒಂದು ಕಾರಣ, ಅವರನ್ನು ಸರಿಯಾಗಿ ಮಲಗಿಸಲು ಬೇಕಾದ ಮೇಜು ನಮ್ಮಲ್ಲಿ ಇಲ್ಲದಿದ್ದುದು.

ಹೊಟ್ಟೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಮೇಜಿನ ವಿನ್ಯಾಸವೆಲ್ಲ ಅದರ ಸುತ್ತಲೇ ಇದೆ. ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಅಭಿಧಮನಿ ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಒತ್ತಿಕೊಂಡೇ ಸಾಗುತ್ತದೆ. ಅದರ ಗೋಡೆ ತೆಳು. ಹೊಟ್ಟೆ ಮೇಜಿಗೆ ಅಮುಕಿಕೊಂಡರೆ ಅದು ಚಪ್ಪಟೆಯಾಗುತ್ತದೆ. ಮುಂದೆ ಹೋಗಲಾರದ ರಕ್ತ ಬೆನ್ನುಹುರಿಯ ಸುತ್ತ ಬಲೆಯಂತೆ ಹೆಣೆದುಕೊಂಡಿರುವ ಸಣ್ಣ ಅಭಿಧಮನಿಗಳ ಕಡೆಗೆ ತಿರುಗುತ್ತದೆ. ಬ್ಯಾಟ್ಸನ್ ಎಂಬ ಅಂಗರಚನಾ ತಜ್ಞರು 1940ರಲ್ಲಿ ವಿವರಿಸಿದ ಈ ಬಲೆಯಲ್ಲಿ ಕವಾಟಗಳಿಲ್ಲ, ಹಾಗಾಗಿ ರಕ್ತ ಯಾವ ಕಡೆಗೆ ಬೇಕಾದರೂ ಹರಿಯಬಲ್ಲದು. ಶಸ್ತ್ರಚಿಕಿತ್ಸಕರು ಕೆಲಸ ಮಾಡುವುದು ಸರಿಯಾಗಿ ಆ ಬಲೆಯ ನಡುವೆ. ಹೊಟ್ಟೆ ಒತ್ತಿಕೊಂಡ ರೋಗಿಯಲ್ಲಿ ನರದ ಬೇರನ್ನು ಬಿಡಿಸುವ ಹೊತ್ತಿಗೆ ಗಾಯದ ತಳದಿಂದ ಕಪ್ಪು ರಕ್ತ ಊಟೆಯಂತೆ ಜಿನುಗುತ್ತದೆ; ಹತ್ತಿ ಇಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಬರುತ್ತದೆ. ಅದೇ ಹೊಟ್ಟೆಯನ್ನು ಗಾಳಿಯಲ್ಲಿ ತೂಗುವಂತೆ ಬಿಟ್ಟರೆ ಆ ಬಲೆ ಸೊರಗುತ್ತದೆ. ಶ್ವಾಸಕೋಶಕ್ಕೂ ಇದರಿಂದ ಬಿಡುವು ಸಿಗುತ್ತದೆ, ಏಕೆಂದರೆ ಪ್ರತಿ ಉಸಿರಿಗೂ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಕೆಳಗೆ ಸರಿಯಬೇಕು, ಅದು ಸರಿಯಲು ಹೊಟ್ಟೆಗೆ ಜಾಗ ಬೇಕು.

ಇದನ್ನು ಅರಿತೇ ಟೊರೊಂಟೊದ ಮಕ್ಕಳ ಆಸ್ಪತ್ರೆಯ ರೆಲ್ಟನ್ ಮತ್ತು ಹಾಲ್ ಅವರು 1967ರಲ್ಲಿ ನಾಲ್ಕೇ ಮೆತ್ತೆಗಳ ಚೌಕಟ್ಟೊಂದನ್ನು ಪ್ರಕಟಿಸಿದರು. ಎದೆಗೆ ಎರಡು, ಸೊಂಟದ ಮೂಳೆಗೆ ಎರಡು, ನಡುವೆ ಖಾಲಿ. ಅವರಲ್ಲಿ ರೆಲ್ಟನ್ ಅರಿವಳಿಕೆ ತಜ್ಞರಾಗಿದ್ದರು ಎಂಬುದನ್ನು ನನ್ನ ವೃತ್ತಿಯ ಬಗೆಗಿನ ಅಭಿಮಾನದಿಂದಲೇ ಇಲ್ಲಿ ಹೇಳುತ್ತಿದ್ದೇನೆ. ಆಮೇಲೆ ಹಿಡಿಕೆ ತಿರುಗಿಸಿ ಕಮಾನಿನಂತೆ ಏರಿಸುವ ವಿಲ್ಸನ್ ಚೌಕಟ್ಟು ಬಂತು; ಮತ್ತೂ ಮುಂದೆ, ಹಲಗೆಯೇ ಇಲ್ಲದ, ಎರಡು ಉದ್ದನೆಯ ಸರಳುಗಳ ಮೇಲೆ ಬಿಡಿಬಿಡಿ ಪ್ಯಾಡುಗಳನ್ನು ಕೂರಿಸುವ, ಅಮೆರಿಕದ ಶಸ್ತ್ರಚಿಕಿತ್ಸಕ ರೋಜರ್ ಜಾಕ್ಸನ್ ಅವರ ಹೆಸರಿನ ಮೇಜು ಬಂತು. ನಮ್ಮ ಮೇಜು ಈ ಕೊನೆಯ ಬಗೆಗೆ ಸೇರಿದ್ದು.

ಅದಕ್ಕೂ ಮೊದಲು ನಾವು ಮಾಡುತ್ತಿದ್ದುದು ಹೀಗೆ: ಸಾಮಾನ್ಯ ಒಟಿ ಮೇಜಿನ ಮೇಲೆ ಬೆಡ್‌ಶೀಟುಗಳನ್ನು ಬಿಗಿಯಾಗಿ ಸುತ್ತಿ, ಪ್ಲಾಸ್ಟರು ಹಚ್ಚಿ, ಎರಡು ಉದ್ದನೆಯ ಉರುಳೆಗಳನ್ನು ಮಾಡಿ ಭುಜದಿಂದ ಸೊಂಟದವರೆಗೆ ಅಕ್ಕಪಕ್ಕ ಇಡುತ್ತಿದ್ದೆವು. ನಮ್ಮ ಹಿರಿಯ ಸಿಸ್ಟರ್ ಸುತ್ತಿದ ಉರುಳೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಬೇರೆಯವರು ಸುತ್ತಿದ್ದು ಒಂದು ಗಂಟೆಯಲ್ಲಿ ಚಪ್ಪಟೆಯಾಗುತ್ತಿತ್ತು. ಅಂಗಾತ ಮಲಗಿದಾಗ ವೆಂಟಿಲೇಟರಿನ ಗಾಳಿಯ ಒತ್ತಡ 18 ತೋರಿಸುತ್ತಿದ್ದ ದಪ್ಪ ಮೈಯವರೊಬ್ಬರಿಗೆ ಉರುಳೆಗಳ ಮೇಲೆ ಹೊರಳಿಸಿದ ಮೇಲೆ 29 ತೋರಿಸಿದ್ದು, ಹೊಟ್ಟೆಯ ಕೆಳಗೆ ನನ್ನ ಬೆರಳ ತುದಿಯೂ ಹೋಗದಿದ್ದುದು, ಅಂದು ಎರಡು ಬಾಟಲಿ ರಕ್ತ ಕೊಡಬೇಕಾದದ್ದು ಇವೆಲ್ಲ ನೆನಪಿದೆ. ಹೊಸ ಮೇಜಿನ ಮೇಲೆ ಅಂಥದೇ ಮೈಕಟ್ಟಿನವರಲ್ಲಿ ಒತ್ತಡ ಎರಡು ಮೂರು ಅಂಕಿಗಿಂತ ಹೆಚ್ಚು ಏರಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಈ ಒಂದು ಕಾರಣಕ್ಕೇ ಮೇಜಿಗೆ ಕೊಟ್ಟ ಹಣ ಸಂದಿದೆ ಎನ್ನಲು ನನಗೆ ಅಳುಕಿಲ್ಲ.

ಮೇಜಿನ ರಚನೆ ಸರಳವಾಗಿದೆ. ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಕಂಬ. ಎರಡನ್ನೂ ಮೋಟಾರು ಬೇರೆ ಬೇರೆಯಾಗಿ ಏರಿಸಿ ಇಳಿಸುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದರೆ ಮೇಜು ಓರೆಯಾಗುತ್ತದೆ. ಕಂಬಗಳ ನಡುವೆ ಕಾರ್ಬನ್ ಫೈಬರಿನ ಎರಡು ಸರಳುಗಳು, ಅವುಗಳ ಮೇಲೆ ಜಾರುವ ಎದೆಯ ಪ್ಯಾಡು, ಸೊಂಟದ ಎರಡು ಪ್ಯಾಡುಗಳು, ತೊಡೆಯ ಎರಡು ಪ್ಯಾಡುಗಳು. ಇದು ಅಂಗಾತ ಇರುವ ರೋಗಿಯನ್ನು ಎರಡು ಚೌಕಟ್ಟುಗಳ ನಡುವೆ ಹಿಡಿದು ಪೂರ್ತಿ ತಿರುಗಿಸುವ ಬಗೆಯದಲ್ಲ. ಐದು ಜನ ಸೇರಿ, ದಿಮ್ಮಿ ಉರುಳಿಸಿದ ಹಾಗೆ ತಲೆ, ಭುಜ, ಸೊಂಟ, ಕಾಲುಗಳನ್ನು ಒಂದೇ ಸಾಲಿನಲ್ಲಿ ಹಿಡಿದು ಟ್ರಾಲಿಯಿಂದ ಹೊರಳಿಸಬೇಕು. ತಲೆ ಹಿಡಿಯುವವಳು ನಾನು, ಎಣಿಕೆ ನನ್ನದು. ತಿರುಗುವ ಮೇಜಿನ ಬೆಲೆಯನ್ನೂ, ಅದರ ಪಿನ್ನುಗಳನ್ನು ಹಾಕಿ ತೆಗೆಯುವಲ್ಲಿ ತಪ್ಪಿದರೆ ಆಗುವ ಅನಾಹುತವನ್ನೂ ನೆನೆದರೆ, ವಾರಕ್ಕೆ ಮೂರು ನಾಲ್ಕು ಶಸ್ತ್ರಚಿಕಿತ್ಸೆ ಮಾಡುವ ನಮ್ಮಂಥ ಆಸ್ಪತ್ರೆಗೆ ಇದೇ ಸೂಕ್ತವೆಂದು ನಾನು ಅಂದೂ ವಾದಿಸಿದ್ದೆ, ಇಂದೂ ಹಾಗೆಯೇ ಭಾವಿಸುತ್ತೇನೆ.

ಹೊಂದಿಸಿಕೊಳ್ಳುವ ಗುಣದಲ್ಲಿ ಈ ಮೇಜು ನಿಜವಾಗಿ ಗೆದ್ದಿರುವುದು ಕಾಲಿನ ಭಾಗದಲ್ಲಿ. ಸೊಂಟದ ಬೆನ್ನುಮೂಳೆಗೆ ಸಹಜವಾದ ಒಂದು ಒಳಬಾಗು ಇದೆ. ಅದರ ಸುಮಾರು ಮೂರನೆಯ ಎರಡು ಭಾಗ ಕೊನೆಯ ಎರಡು ಸಂದುಗಳಿಂದಲೇ ಬರುತ್ತದೆ. ತೊಡೆಗಳು ಮಡಿಚಿದ್ದರೆ ಸೊಂಟ ಹಿಂದಕ್ಕೆ ವಾಲಿ ಈ ಬಾಗು ಕರಗುತ್ತದೆ, ತೊಡೆಗಳು ನೀಳವಾಗಿದ್ದರೆ ಉಳಿಯುತ್ತದೆ. ಡಿಸ್ಕಿನ ತುಣುಕನ್ನಷ್ಟೇ ತೆಗೆಯುವಾಗ ಬಾಗು ಕರಗಿದರೆ ಅನುಕೂಲ, ಹಿಂಭಾಗದ ಮೂಳೆಗಳ ನಡುವಿನ ಕಿಟಕಿ ತೆರೆದುಕೊಳ್ಳುತ್ತದೆ. ಆದರೆ ಸ್ಕ್ರೂ ಮತ್ತು ಸರಳು ಹಾಕಿ ಮಣಿಗಳನ್ನು ಶಾಶ್ವತವಾಗಿ ಬೆಸೆಯುವಾಗ ಮೇಜಿನ ಮೇಲೆ ಯಾವ ಬಾಗಿರುತ್ತದೆಯೋ ಅದೇ ಬಾಗು ರೋಗಿಯ ಜೀವನಪೂರ್ತಿ ಉಳಿಯುತ್ತದೆ. ಚಪ್ಪಟೆ ಸೊಂಟದಲ್ಲಿ ಬೆಸೆದುಹೋದವರು ಮುಂದಕ್ಕೆ ಬಾಗಿಯೇ ನಡೆಯಬೇಕಾಗುತ್ತದೆ; ನೆಟ್ಟಗೆ ನಿಲ್ಲಲು ಮಂಡಿ ಮಡಿಚಬೇಕಾಗುತ್ತದೆ. ಈ ಮೇಜಿನಲ್ಲಿ ಕಾಲಿಗೆ ಜೋಲಿಯಂಥ ಬಟ್ಟೆಯ ಆಸರೆಯನ್ನೂ ಹಾಕಬಹುದು, ಅದನ್ನು ತೆಗೆದು ನೇರ ಹಲಗೆಯನ್ನೂ ಕೂರಿಸಬಹುದು. ಹಲಗೆಯ ಕೀಲನ್ನು ಮುಸುಕು ಹೊದಿಸಿದ ಮೇಲೂ ಹೊರಗಿನಿಂದ ತಿರುಗಿಸಿ ಏರಿಸಬಹುದಾದ್ದರಿಂದ, ಮೊದಲು ಸ್ವಲ್ಪ ಮಡಿಚಿದ ಸ್ಥಿತಿಯಲ್ಲಿ ನರದ ಒತ್ತಡ ಬಿಡಿಸಿ, ಸರಳು ಬಿಗಿಯುವ ಮುನ್ನ ತೊಡೆಗಳನ್ನು ಎತ್ತಿ ಬಾಗನ್ನು ಮರಳಿ ತರಲು ಸಾಧ್ಯವಾಗಿದೆ. ಮೊದಲ ಸಲ ಹೀಗೆ ಮಾಡಿದಾಗ ಶಸ್ತ್ರಚಿಕಿತ್ಸೆಯ ನಡುವೆಯೇ ಎಕ್ಸ್‌ರೇ ಚಿತ್ರ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯ ಮೇಲೆ ಮಣಿಗಳ ಮುಂಭಾಗದ ಸಂದುಗಳು ಒಂದೊಂದಾಗಿ ಅಗಲವಾಗುತ್ತ ಬಂದದ್ದನ್ನು ಕೋಣೆಯಲ್ಲಿದ್ದವರೆಲ್ಲ ಮಾತಿಲ್ಲದೆ ನೋಡಿದೆವು. ಮರದಿಂದ ಬಿದ್ದು ಮಣಿ ಒಡೆದವರಲ್ಲಿಯೂ ಹೀಗೆಯೇ. ಎದೆ ಮತ್ತು ಸೊಂಟಕ್ಕೆ ಆಸರೆ ಕೊಟ್ಟು ನಡುಭಾಗವನ್ನು ಇಳಿಬಿಟ್ಟಾಗಲೇ ಕುಸಿದ ಮಣಿ ಒಂದಿಷ್ಟು ಎತ್ತರ ಮರಳಿ ಪಡೆಯುತ್ತದೆ. ಸ್ಕ್ರೂ ಹಿಡಿಯುವ ಮೊದಲೇ ಮೇಜು ಅರ್ಧ ಕೆಲಸ ಮಾಡಿರುತ್ತದೆ.

ಇನ್ನು ದೋಷಗಳು. ಎಲ್ಲಕ್ಕಿಂತ ದೊಡ್ಡದು, ಸೊಂಟದ ಪ್ಯಾಡುಗಳನ್ನು ಎಷ್ಟು ಹತ್ತಿರ ತಂದರೂ ನಮ್ಮ ರೋಗಿಗಳಿಗೆ ಅವು ದೂರವೇ ಆಗುತ್ತಿದ್ದುದು. ವಿನ್ಯಾಸಕರು ಭಾರೀ ಮೈಯವರನ್ನು ಮನಸ್ಸಿನಲ್ಲಿಟ್ಟುಕೊಂಡು, ಗರಿಷ್ಠ ಎಷ್ಟು ಅಗಲವಾಗಬೇಕು, ಎಷ್ಟು ತೂಕ ಹೊರಬೇಕು ಎಂಬುದನ್ನು ಚೆನ್ನಾಗಿ ಲೆಕ್ಕ ಹಾಕಿದ್ದಾರೆ. ಕನಿಷ್ಠ ಎಷ್ಟು ಕಿರಿದಾಗಬೇಕು ಎಂಬುದನ್ನು ಅಷ್ಟಾಗಿ ಯೋಚಿಸಿಲ್ಲ. ತೋಟದಲ್ಲಿ ಕೂಲಿ ಮಾಡುವ, 43 ಕಿಲೋ ತೂಗುವ ತಾಯಿಯೊಬ್ಬರನ್ನು ಈ ಮೇಜಿನ ಮೇಲೆ ಮಲಗಿಸಿದಾಗ ಪ್ಯಾಡುಗಳು ಸೊಂಟದ ಮೂಳೆಯ ಮುಂಭಾಗದ ತುದಿಯಿಂದ ಹೊರಗೆ ಜಾರಿ, ಭಾರವೆಲ್ಲ ಪ್ಯಾಡಿನ ಒಳ ಅಂಚಿನ ಮೇಲೆ ಬಿತ್ತು. ಆ ತುದಿಯ ಪಕ್ಕದಲ್ಲೇ ತೊಡೆಯ ಹೊರಬದಿಯ ಚರ್ಮಕ್ಕೆ ಸ್ಪರ್ಶ ಕೊಡುವ ನರವೊಂದು ಹಾದುಹೋಗುತ್ತದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಬೆಳಿಗ್ಗೆ ನೋಡಲು ಹೋದಾಗ ಅವರು ಬಲ ತೊಡೆಯನ್ನು ಅಂಗೈಯಿಂದ ಸವರುತ್ತ, ‘ಡಾಕ್ಟ್ರಮ್ಮ, ಬೆನ್ನು ಹಗುರಾಗೈತೆ, ಇಲ್ಲಿ ಮಾತ್ರ ಸೀರೆ ಮುಟ್ಟಿದ್ದೇ ಗೊತ್ತಾಗಲ್ಲ’ ಎಂದರು. ಆರು ವಾರಗಳಲ್ಲಿ ಸರಿಹೋಯಿತು, ಹೆಚ್ಚಿನವರಿಗೆ ಸರಿಹೋಗುತ್ತದೆ. ಆದರೂ ಅದು ಆಗಬಾರದಿತ್ತು, ಮಲಗಿಸಿದ ಹೊಣೆಯಲ್ಲಿ ನನ್ನ ಪಾಲೂ ಇತ್ತು. ನಾವು ಅಳತೆಗಳನ್ನು ಬರೆದು, ಫೋಟೋ ತೆಗೆದು ತಯಾರಕರಿಗೆ ಕಳುಹಿಸಿದೆವು. ಒಳಕ್ಕೆ ಚಾಚುವ ಹೊಸ ಹಿಡಿಕೆಗಳನ್ನೂ ಸಣ್ಣ ಅಳತೆಯ ಒಂದು ಜೋಡಿ ಪ್ಯಾಡನ್ನೂ ಅವರು ಮಾಡಿ ಕಳುಹಿಸಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ 50 ಕಿಲೋಗಿಂತ ಕಡಿಮೆ ತೂಕದವರಿಗೆ ಹಳೆಯ ಉರುಳೆಗಳನ್ನೇ ಬಳಸಿದೆವು.

ಎರಡನೆಯದು ಎತ್ತರ. ಬೋರಲು ಮಲಗಿಸುವ ಮೇಜಿನಲ್ಲಿ ರೋಗಿಯ ಬೆನ್ನು ಸರಳಿನ ಮಟ್ಟದಲ್ಲಿ ಇರುವುದಿಲ್ಲ. ಪ್ಯಾಡಿನ ಎತ್ತರ, ಅದರ ಮೇಲೆ ಮೈಯ ದಪ್ಪ ಸೇರಿ ಗಾಯದ ಮಟ್ಟ ಬಹಳ ಮೇಲೆ ಬರುತ್ತದೆ. ಮೇಜನ್ನು ಪೂರ್ತಿ ಇಳಿಸಿದರೂ ನಮ್ಮ ಶಸ್ತ್ರಚಿಕಿತ್ಸಕರು ಕಾಲುಮಣೆಯ ಮೇಲೆ ನಿಲ್ಲಬೇಕು, ಸೀಸದ ಏಪ್ರನ್ ತೊಟ್ಟು ನಾಲ್ಕು ಗಂಟೆ. ಇದಕ್ಕೆ ಪರಿಹಾರವಿಲ್ಲ, ಕಂಬದ ಒಳಗಿನ ಮೋಟಾರಿನ ಗಾತ್ರವೇ ಅಷ್ಟು. ಕೊಳ್ಳುವವರು ವಿವರಪಟ್ಟಿಯಲ್ಲಿ ಬರೆದ ಕನಿಷ್ಠ ಎತ್ತರವನ್ನು ನಂಬದೆ, ಪ್ಯಾಡು ಜೋಡಿಸಿ, ಸಿಬ್ಬಂದಿಯೊಬ್ಬರನ್ನು ಮೇಲೆ ಮಲಗಿಸಿ, ತಮ್ಮ ಶಸ್ತ್ರಚಿಕಿತ್ಸಕರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು.

ಸಿ-ಆರ್ಮಿನ ವಿಷಯದಲ್ಲಿ ದೊಡ್ಡ ದೂರಿಲ್ಲ. ನಡುವೆ ಕಂಬವಿಲ್ಲದ ಕಾರಣ ಯಂತ್ರದ ತೋಳು ಮೇಜಿನ ಕೆಳಗೆ ಸರಾಗವಾಗಿ ಹಾಯುತ್ತದೆ, ನೇರ ಚಿತ್ರದಿಂದ ಬದಿಯ ಚಿತ್ರಕ್ಕೆ ಹೋಗುವಾಗ ಏನನ್ನೂ ಸರಿಸಬೇಕಾಗಿಲ್ಲ, ಕಾರ್ಬನ್ ಫೈಬರು ಎಕ್ಸ್‌ರೇಗೆ ಅಡ್ಡ ಬರುವುದಿಲ್ಲ. ಆದರೆ ಸೊಂಟದ ಪ್ಯಾಡನ್ನು ಬಿಗಿಯುವ ತಿರುಪು ಮಾತ್ರ ಉಕ್ಕಿನದು. ಕೊನೆಯ ಮಣಿಗೆ ಸ್ಕ್ರೂ ಹಾಕುವಾಗ ಬದಿಯ ಚಿತ್ರದಲ್ಲಿ ಸರಿಯಾಗಿ ಬೇಕಾದ ಜಾಗದ ಮೇಲೆ ಅದರ ಕಪ್ಪು ನೆರಳು ಕೂರುತ್ತದೆ. ಲಕ್ಷಗಟ್ಟಲೆ ಕೊಟ್ಟು ಸರಳುಗಳನ್ನು ಕಾರ್ಬನ್ ಫೈಬರಿನಲ್ಲಿ ಮಾಡಿ, ಅಂಗುಷ್ಠದಷ್ಟು ತಿರುಪನ್ನು ಉಕ್ಕಿನಲ್ಲಿ ಬಿಟ್ಟಿರುವುದು ನನಗೆ ಇಂದಿಗೂ ಬೇಸರದ ಸಂಗತಿ.

ತಲೆಯ ಕಡೆಯ ವ್ಯವಸ್ಥೆಯ ಬಗ್ಗೆ ನಾನು ಹೆಚ್ಚು ಕಟ್ಟುನಿಟ್ಟು, ಏಕೆಂದರೆ ಅಲ್ಲಿ ಕೂರುವವಳು ನಾನೇ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಹೋಗುವುದು ಬಹಳ ಅಪರೂಪ, ಆದರೆ ಹೋದರೆ ಬಹುಮಟ್ಟಿಗೆ ಮರಳುವುದಿಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ನೋಂದಣಿಗೆ ಬಂದ ಇಂಥ 93 ಪ್ರಕರಣಗಳ ವರದಿ 2006ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 83 ಪ್ರಕರಣಗಳಲ್ಲಿ ಕಾರಣ ಕಣ್ಣಿನ ನರಕ್ಕೆ ರಕ್ತ ಸಾಲದೆ ಹೋದದ್ದು; ಅಂಥವರಲ್ಲಿ ಬಹುತೇಕರಿಗೆ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಿತ್ತು ಅಥವಾ ಅರಿವಳಿಕೆ ಆರು ಗಂಟೆ ಮೀರಿತ್ತು. 2012ರ ಮುಂದುವರಿದ ಅಧ್ಯಯನದಲ್ಲಿ, ತಲೆಯನ್ನು ಹೃದಯಕ್ಕಿಂತ ಕೆಳಗೆ ಇಳಿಸುವ ವಿಲ್ಸನ್ ಚೌಕಟ್ಟಿನ ಬಳಕೆಯೂ ಅಪಾಯದ ಕಾರಣಗಳಲ್ಲಿ ಒಂದೆಂದು ಕಂಡುಬಂತು. ಹಾಗಾಗಿ ತಲೆಯ ಭಾಗವನ್ನು ಸ್ವಲ್ಪ ಎತ್ತರಿಸಿ ಇಡಲು ಬರುವುದು ನನಗೆ ಅತ್ಯಗತ್ಯ, ಈ ಮೇಜು ಅದನ್ನು ಗುಂಡಿ ಒತ್ತಿದರೆ ಮಾಡುತ್ತದೆ. ಮುಖಕ್ಕೆ ಕಣ್ಣು, ಮೂಗು, ಕೊಳವೆಗಳಿಗೆ ಜಾಗ ಬಿಟ್ಟು ಕೊರೆದ ಫೋಮಿನ ದಿಂಬು, ಅದರ ಕೆಳಗೆ ಒಂದು ಕನ್ನಡಿ ಇದೆ. ಪ್ರತಿ ಕಾಲು ಗಂಟೆಗೊಮ್ಮೆ ಬಗ್ಗಿ ಆ ಕನ್ನಡಿಯಲ್ಲಿ ಎರಡೂ ಕಣ್ಣುಗಳನ್ನು ನೋಡಿ ಚೀಟಿಯಲ್ಲಿ ಬರೆಯುತ್ತೇನೆ. ಕನ್ನಡಿ ಚಿಕ್ಕದಾಗಿದೆ, ಒಂದು ಸಲಕ್ಕೆ ಒಂದೇ ಕಣ್ಣು ಕಾಣುತ್ತದೆ. ಅಂಗೈಯಗಲ ದೊಡ್ಡದು ಮಾಡಿದ್ದರೆ ಆಗುತ್ತಿತ್ತು. ಕೈಗಳ ಆಸರೆ ಚೆನ್ನಾಗಿದೆ, ತೋಳು ಭುಜದಿಂದ 90 ಡಿಗ್ರಿ ಮೀರದಂತೆ ತಡೆಯುವ ಗಡಿ ಅದರಲ್ಲಿಯೇ ಇದೆ.

ಮಳೆಗಾಲದ ಮಾತನ್ನೂ ಹೇಳಬೇಕು. ಆಷಾಢದಲ್ಲಿ ಕರೆಂಟು ಹೋಗಿ ಜನರೇಟರು ಹತ್ತಿಕೊಳ್ಳುವ ಮಧ್ಯೆ ಮೇಜು ಬ್ಯಾಟರಿಗೆ ತಾನೇ ಬದಲಾಗುತ್ತದೆ, ಇದ್ದ ಜಾಗದಿಂದ ಒಂದು ಕೂದಲೆಳೆಯೂ ಕದಲುವುದಿಲ್ಲ. ಪ್ಯಾಡುಗಳ ಹೊದಿಕೆಯ ಕತೆ ಬೇರೆ. ಅಂಚಿನಲ್ಲಿ ಹೊಲಿಗೆ ಹಾಕಿದ್ದಾರೆ, ಬೆಸುಗೆ ಹಾಕಿಲ್ಲ. ಮೂರನೆಯ ತಿಂಗಳಿಗೇ ಸೊಂಟದ ಪ್ಯಾಡಿನ ಹೊಲಿಗೆಯ ತೂತುಗಳ ಸುತ್ತ ಬೆಟಾಡಿನ್ನಿನ ಕಂದು ಕಲೆ ಕಾಣಿಸಿತು. ಒತ್ತಿದರೆ ತೇವ ಹೊರಬಂತು. ಒಳಗಿನ ಫೋಮಿಗೆ ಇಳಿದದ್ದನ್ನು ಯಾವ ದ್ರಾವಣದಿಂದಲೂ ಶುಚಿ ಮಾಡಲಾಗದು ಎಂದು ನಮ್ಮ ಸಿಸ್ಟರ್ ಆ ಜೋಡಿಯನ್ನು ಅಂದೇ ಬಳಕೆಯಿಂದ ತೆಗೆದರು, ಸರಿಯಾದ ಕೆಲಸ ಮಾಡಿದರು. ಬದಲಿ ಪ್ಯಾಡುಗಳಿಗೆ ತಯಾರಕರು ಹಣ ಕೇಳಲಿಲ್ಲ, ಆದರೆ ಬಂದವೂ ಹೊಲಿಗೆಯವೇ. ನಾವು ಈಗ ಪ್ರತಿ ರೋಗಿಗೂ ಮೇಲೊಂದು ತೆಳು ಜಲನಿರೋಧಕ ಹಾಳೆ ಸುತ್ತುತ್ತೇವೆ. ಫೋಮು ಕುಸಿದಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಒಬ್ಬರನ್ನು ಮಲಗಿಸಿ, ಪ್ಯಾಡಿನ ತಳದಲ್ಲಿ ಬೆರಳಿಟ್ಟು ಮೂಳೆಯ ಗಡಸು ತಾಗುತ್ತದೆಯೇ ಎಂದು ನೋಡುತ್ತೇವೆ.

ಸರ್ವಿಸ್ ಎಂಜಿನಿಯರ್ ಬೆಂಗಳೂರಿನಿಂದ ಬರಬೇಕು. ಕರೆದ ಎರಡನೆಯ ದಿನಕ್ಕೆ ಬಂದಿದ್ದಾರೆ, ಅದು ನಮ್ಮ ಊರಿಗೆ ಒಳ್ಳೆಯದೇ. ಒಟಿ ಮೇಜುಗಳ ಸುರಕ್ಷತೆಗೆಂದೇ ಇರುವ ಐಇಸಿ 60601-2-46 ಮಾನದಂಡದ ಪ್ರಮಾಣಪತ್ರವನ್ನು ಕೇಳಿದಾಗ ತೋರಿಸಿದರು. ಹೊರಬಲ್ಲ ತೂಕವನ್ನು ಕೇಳುವಾಗ ಮೇಜು ಸಮತಟ್ಟಾಗಿರುವಾಗಿನದ್ದಷ್ಟೇ ಅಲ್ಲ, ಓರೆಯಾಗಿರುವಾಗಿನದ್ದನ್ನೂ ಕೇಳಿ ಬರೆಸಿಕೊಳ್ಳಬೇಕು, ಎರಡೂ ಒಂದೇ ಆಗಿರುವುದಿಲ್ಲ. ಮೇಜು ಎಷ್ಟೇ ಚೆನ್ನಾಗಿರಲಿ, ಬೋರಲು ಮಲಗಿದ ರೋಗಿಯ ಹೃದಯ ನಿಂತರೆ ತಕ್ಷಣ ಅಂಗಾತ ಮಾಡಲು ಬೇಕಾದ ಟ್ರಾಲಿಯನ್ನು ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಒಟಿಯ ಬಾಗಿಲ ಬಳಿಯೇ ಇಟ್ಟಿರಬೇಕು. ಇದನ್ನು ಮೇಜಿನ ಕೈಪಿಡಿಯಲ್ಲಿ ಬರೆದಿಲ್ಲ, ನಾವು ಗೋಡೆಯ ಮೇಲೆ ಬರೆದಿದ್ದೇವೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕದಲ್ಲಿ ಅರ್ಧ ಸೊಂಟದ ಪ್ಯಾಡಿಗೆ, ಉಳಿದರ್ಧ ಹೊಲಿಗೆಗೂ ಉಕ್ಕಿನ ತಿರುಪಿಗೂ ಸೇರಿ. ಹೊಸ ಹಿಡಿಕೆಗಳು ಬಂದ ಮೇಲೆ 41 ಕಿಲೋ ತೂಕದ, ಏಣಿಯಿಂದ ಬಿದ್ದ ಹೆಣ್ಣುಮಗಳೊಬ್ಬಳನ್ನು ಈ ಮೇಜಿನ ಮೇಲೆ ಮಲಗಿಸಿದೆವು. ಪ್ಯಾಡುಗಳು ಸೊಂಟದ ಮೂಳೆಯ ಎರಡೂ ತುದಿಗಳ ಕೆಳಗೆ ಸರಿಯಾಗಿ ಕೂತವು. ಅಂಗೈ ತೂರಿಸಿದೆ, ತಡೆಯಿಲ್ಲದೆ ಆಚೆ ಬಂತು. ಮಾರನೆಯ ಬೆಳಿಗ್ಗೆ ಮೊದಲು ತೊಡೆಗಳನ್ನೇ ಮುಟ್ಟಿ ಕೇಳಿದೆ, ಎರಡೂ ಕಡೆ ಸ್ಪರ್ಶ ತಿಳಿಯುತ್ತಿದೆ ಎಂದಳು.